ನಮ್ಮ ಮನೆಯನ್ನು ನಕ್ಷೆಗೆ ಹತ್ತಿಸಿದ ಅಮ್ಮಣ್ಣಿಯವರಿಗೆ

ಇವರಿಗೆ: 'ಊರುಗೋಲು' ಎಂಬ ಪ್ರವಾಸಿ ಆ್ಯಪಿನೊಳಗೆ ಕುಳಿತು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುವ ಅಮ್ಮಣ್ಣಿಯವರು, ವಿಳಾಸ ತಿಳಿಯದು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ದಾರಿ ತಪ್ಪಿದವನು ಹತ್ತು ಸಲ ತಪ್ಪಿದರೂ ಒಂದಿಷ್ಟೂ ರೇಗದೆ, ಸ್ವರ ಏರಿಸದೆ, ಹನ್ನೊಂದನೆಯ ಸಲವೂ 'ಸಾಧ್ಯವಾದಾಗ ಹಿಂದಕ್ಕೆ ತಿರುಗಿ' ಎನ್ನುವ ತಮ್ಮ ತಾಳ್ಮೆಗೆ ಮೊದಲು ಕೈಮುಗಿಯುತ್ತೇನೆ. ಮೂವತ್ತೊಂದು ವರ್ಷ ಬೀರೂರು ಜಂಕ್ಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕುಳಿತು ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಶಿವಮೊಗ್ಗದ ಗಾಡಿಯ ಬಾಗಿಲು ಹಿಡಿದುಕೊಂಡೇ ಶಿವಮೊಗ್ಗದ ಗಾಡಿ ಯಾವುದು ಎಂದು ಕೇಳಿದ ಪುಣ್ಯಾತ್ಮರ ಮೇಲೆ ನಾನು ರೇಗಿದ್ದುಂಟು, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಯಾರನ್ನೂ ಕಳಿಸಿದವನಲ್ಲ. ಈ ಪತ್ರದಲ್ಲಿರುವ ಅಷ್ಟೂ ಅನಾಹುತಕ್ಕೆ ಮೂಲ ಆ ಅಭ್ಯಾಸವೇ.

ಸಂಗತಿ ಹೀಗೆ. ನಾನು ಸಂಜೆಯ ವಾಯುವಿಹಾರ ಮುಗಿಸಿ ತರೀಕೆರೆಯ ಕೋಟೆ ಬೀದಿಯಲ್ಲಿರುವ ನನ್ನ ಸ್ವಂತ ಮನೆಗೆ ಬಂದು ಜಗಲಿಯ ಮೇಲೆ ಕುಳಿತ ಕೂಡಲೇ ತಾವು ಫೋನಿನಲ್ಲಿ 'ಈಗ ತಾವಿರುವ ಸ್ಥಳ ಹೇಗಿದೆ?' ಎಂದು ಕೇಳುತ್ತಿದ್ದಿರಿ. ಇಷ್ಟು ವಿಚಾರಿಸುವವರು ಈ ಕಾಲದಲ್ಲಿ ಯಾರಿದ್ದಾರೆ ಎಂದು ನನ್ನ ಮನಸ್ಸು ತುಂಬಿ ಬಂತು. ಚೆನ್ನಾಗಿದೆ ಎಂದು ಒತ್ತಿದೆ. ಇಲ್ಲಿ ಊಟ ಸಿಗುತ್ತದೆಯೇ ಎಂದಿರಿ. ಸಿಗದೆ ಏನು, ನಾನು ಬದುಕಿರುವುದೇ ಅದರಿಂದ, ಹೌದು ಎಂದೆ. ಉಳಿಯಲು ಸ್ಥಳವಿದೆಯೇ ಎಂದಿರಿ. ಮಗಳ ಮದುವೆಯಲ್ಲಿ ನಡುಮನೆಯೊಂದರಲ್ಲೇ ಹದಿನೆಂಟು ಜನ ಮಲಗಿದ್ದರು, ಹೌದು ಎಂದೆ. ಐತಿಹಾಸಿಕವೇ ಎಂದಿರಿ. ನಮ್ಮ ಅಜ್ಜ ಕಟ್ಟಿಸಿದ್ದು, ಹೌದು. ಕೊಳ್ಳಲು, ಕೊಂಡೊಯ್ಯಲು ಏನಾದರೂ ಸಿಗುತ್ತದೆಯೇ ಎಂದಾಗ, ನಮ್ಮ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದ್ದರಿಂದ ಉಪ್ಪಿನಕಾಯಿ, ಹಪ್ಪಳ, ಹುಚ್ಚೆಳ್ಳು ಚಟ್ನಿಪುಡಿ ಎಂದು ಬೆರಳು ನೋಯುವಷ್ಟು ಬರೆದೆ. ಮುಂಚಿತವಾಗಿ ತಿಳಿಸಿ ಬರಬೇಕೆ ಎಂದಿರಿ. ಒಬ್ಬರ ಮನೆಗೆ ಹೇಳಿ ಬರುವಷ್ಟು ಕೆಟ್ಟುಹೋಗಿದೆಯೇ ಕಾಲ, ಬೇಡ ಎಂದೆ. ಶುಲ್ಕವುಂಟೇ ಎಂದಾಗ ಮಾತ್ರ ನಾಲಿಗೆ ಕಚ್ಚಿಕೊಂಡು, ತಾವು ಚಿಕ್ಕವರು, ತಿಳಿಯದೆ ಕೇಳಿದಿರಿ ಎಂದು ಮನ್ನಿಸಿ, ಇಲ್ಲ ಎಂದು ಒತ್ತಿದೆ.

ಅದಾದ ಮೇಲಿನ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮೈಸೂರು ಕಡೆಯ ಕಾರೊಂದು ಬಂದು ನಿಂತು, ಆರು ಜನ ಇಳಿದು, 'ಇದೇ ಅಲ್ವಾ?' ಎಂದರು. ಇದೇ ಎಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ನಮ್ಮ ಕಡೆ ಒಳಗೆ ಬಂದು ಕುಳಿತವರನ್ನು ಊಟಕ್ಕೆ ಮೊದಲು ನೀವು ಯಾರು ಎಂದು ಕೇಳುವುದು ಅವರ ಮುಖಕ್ಕೆ ಬಾಗಿಲು ಹಾಕಿದ್ದಕ್ಕೆ ಸಮ. ನಾನು ಅವರನ್ನು ನನ್ನ ಹೆಂಡತಿ ವಿಶಾಲಾಕ್ಷಮ್ಮನ ತವರು ಯಗಟಿಯ ಕಡೆಯವರೆಂದುಕೊಂಡೆ, ಅವಳು ನನ್ನ ರೈಲ್ವೆ ಕಡೆಯವರೆಂದುಕೊಂಡಳು. ಇಬ್ಬರೂ ಪೈಪೋಟಿಯಿಂದ ಬಡಿಸಿದೆವು. ಅವರು ಮುದ್ದೆ, ಹುರುಳಿಕಾಳು ಬಸ್ಸಾರು ಉಂಡು, ಮಜ್ಜಿಗೆ ಕುಡಿದು, ನಡುಮನೆಯಲ್ಲಿ ಒಂದು ನಿದ್ದೆಯನ್ನೂ ತೆಗೆದು, ಹೆಂಗಸರು ಅರಿಶಿನ ಕುಂಕುಮ ಹಚ್ಚಿಕೊಂಡು, ತಲಾ ಒಂದು ತೆಂಗಿನಕಾಯಿ ಹಿಡಿದು ಹೊರಟ ಮೇಲೆ, ನಾನೂ ಅವಳೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ಯಾರಿವರು ಎಂದು ಕೇಳಿದೆವು.

ಯಾರೆಂದು ತಿಳಿದದ್ದು ಪಕ್ಕದ ಮನೆಯ ವೆಂಕಟಸುಬ್ಬಯ್ಯನವರಿಂದ. ಇವರು ಚರಿತ್ರೆ ಮೇಷ್ಟರಾಗಿ ನಿವೃತ್ತರಾದವರು, ಫೋನನ್ನು ಕನ್ನಡಕದ ಹತ್ತಿರ ಹಿಡಿದು ಊರುಗೋಲಿನಲ್ಲಿ ತಾವು ಹಾಕಿದ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿದರು. ತರೀಕೆರೆಯ ಸುತ್ತ ನೋಡಬೇಕಾದ, ಉಣ್ಣಬೇಕಾದ, ಕೊಳ್ಳಬೇಕಾದ, ತಂಗಬೇಕಾದ ಸ್ಥಳಗಳಲ್ಲಿ 'ತೀರ್ಥಪ್ಪನವರ ಪಾರಂಪರಿಕ ವಸತಿ ಮತ್ತು ಭೋಜನ ಗೃಹ', ಅಂದರೆ ನನ್ನ ಈ ಮನೆ, ಒಂದನೆಯದು, ಅಮೃತಾಪುರದ ದೇವಸ್ಥಾನ ಎರಡನೆಯದು. ಎಂಟುನೂರು ವರ್ಷದಿಂದ ಕಲ್ಲಿನಲ್ಲಿ ಕೆತ್ತಿಸಿಕೊಂಡು ನಿಂತ ಅಮೃತೇಶ್ವರನನ್ನು ಒಂದು ಬಸ್ಸಾರಿನ ಬಲದಿಂದ ಹಿಂದಿಕ್ಕಿಸಿದ ತಮ್ಮ ನ್ಯಾಯಬುದ್ಧಿಯನ್ನು ನಾನು ಹೇಗೆ ಹೊಗಳಲಿ?

ಆಮೇಲೆ ಜನ ಬಂದರು ನೋಡಿ. ಕಲ್ಲತ್ತಿಗಿರಿಯ ಜಲಪಾತದಲ್ಲಿ ನೆನೆದವರು ಒಣಗಿಸಿಕೊಳ್ಳಲು ಬಂದರು. ಅಜ್ಜಂಪುರಕ್ಕೆ ಅಮೃತಮಹಲ್ ಹಸು ನೋಡಲು ಹೊರಟವರು ದಾರಿಯಲ್ಲಿ ನನ್ನನ್ನು ನೋಡಿಕೊಂಡು ಹೋದರು. ವೆಂಕಟಸುಬ್ಬಯ್ಯನವರು ಮೊದಲೆರಡು ವಾರ ಬೀದಿಯ ಮಾನ ಹೋಯಿತೆಂದು ನನ್ನನ್ನು ಬೈದು, ಮೂರನೆಯ ವಾರ ತಲೆಗೆ ಪೇಟ ಸುತ್ತಿಕೊಂಡು ಬಂದು, ನಮ್ಮ ಹಿತ್ತಲಿನ ಒರಳುಕಲ್ಲನ್ನು ತೋರಿಸಿ, ಪಾಳೇಗಾರರ ದಂಡಿಗೆ ಚಟ್ನಿ ಅರೆದದ್ದು ಇದರಲ್ಲೇ ಎಂದು ವಿವರಿಸತೊಡಗಿದರು. ಆ ಕಲ್ಲನ್ನು ನನ್ನ ತಂದೆ ಕಡೂರಿನ ಸಂತೆಯಲ್ಲಿ ಕೊಂಡದ್ದು ನನಗೆ ನೆನಪಿದೆ. ವಿದೇಶದ ಹೆಂಗಸೊಬ್ಬಳು ಅದಕ್ಕೆ ನಮಸ್ಕಾರ ಮಾಡಿದ್ದರಿಂದ ನಾನೂ ಸುಮ್ಮನಾದೆ.

ಬಂದವರು ಉಂಡು ಸುಮ್ಮನೆ ಹೋಗಲಿಲ್ಲ, ಬರೆದರು. 'ಅಮ್ಮನ ಕೈರುಚಿಗೆ ಐದು ನಕ್ಷತ್ರ. ಆದರೆ ಜಗಲಿಯ ಮೇಲೆ ಮಲಗಿರುವ ವಯಸ್ಸಾದ ನೌಕರ ಎದ್ದು ನೀರು ಕೊಡುವುದಿಲ್ಲ, ಗೊರಕೆಯೂ ಇದೆ.' ಇನ್ನೊಬ್ಬರು ನನ್ನ ಗೊರಕೆಯ ಸಮಯವನ್ನು, ಎರಡರಿಂದ ಮೂರೂವರೆ ಎಂದು, ಪ್ರವಾಸಿಗರ ಅನುಕೂಲಕ್ಕಾಗಿ ನಮೂದಿಸಿದ್ದಾರೆ. ಮೂವತ್ತೊಂದು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ನಿವೃತ್ತಿಯ ನಂತರ ತಮ್ಮಿಂದ ಈ ಎರಡನೆಯ ನೌಕರಿ ದೊರೆಯಿತು. ನನ್ನ ಗೊರಕೆಯನ್ನು ನಕ್ಷೆಯಿಂದ ಇಳಿಸಬೇಕೆಂದೋ, ಇಲ್ಲವಾದರೆ ಕನಿಷ್ಠ ಕೆಮ್ಮಣ್ಣುಗುಂಡಿಯನ್ನು ಒಂದು ಹತ್ತು ಮೈಲಿ ಆಚೆಗೆ ಸರಿಸಿ ಜನರ ದಾರಿ ತಪ್ಪಿಸಬೇಕೆಂದೋ ತಮ್ಮನ್ನು ಕೇಳಿಕೊಳ್ಳುವವನಿದ್ದೆ.

ಆದರೆ ವಿಶಾಲಾಕ್ಷಿ ಬೇರೆಯೇ ಹೆಂಗಸಾಗಿಬಿಟ್ಟಳು. ಸಂಜೆ ದೀಪ ಹಚ್ಚಿ, ಕನ್ನಡಕ ಏರಿಸಿ, ಬಂದವರು ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಹುಬ್ಬಳ್ಳಿಯ ಯಾರೋ ಶ್ರೀವಾಣಿ ಎಂಬಾಕೆ 'ಇಂಥ ಸಾರು ನನ್ನ ತಾಯಿ ಹೋದ ಮೇಲೆ ಉಂಡಿರಲಿಲ್ಲ' ಎಂದು ಬರೆದದ್ದನ್ನು ಮೂರು ದಿನ ಓದಿದಳು. ಅಡುಗೆಮನೆಯಿಂದ ಹಾಡು ಕೇಳತೊಡಗಿತು. ಮನೆಯೊಳಗಿನ ಈ ಸಂತೋಷದಲ್ಲಿ ನನಗೆ ಪಾಲಿಲ್ಲವೆನ್ನಿಸಿ ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ? ಅದರ ಮೇಲೆ ಮಧ್ಯಾಹ್ನದ ನಿದ್ದೆಯೂ ಇಲ್ಲ. ಒಂದು ಮಂಗಳವಾರ ತಾವು ಎಂದಿನಂತೆ ಈ ಸ್ಥಳ ಈಗಲೂ ಇದೆಯೇ ಎಂದು ಕೇಳಿದಾಗ, ಜೀವನದಲ್ಲಿ ಮೊದಲ ಸಲ ವಿಚಾರಣೆಗೆ ಸುಳ್ಳು ಉತ್ತರ ಕೊಟ್ಟು 'ಶಾಶ್ವತವಾಗಿ ಮುಚ್ಚಿದೆ' ಎಂದು ಒತ್ತಿದೆ. ಗ್ರಾಮ ಲೆಕ್ಕಿಗನಾದರೂ ಸ್ಥಳ ಪರಿಶೀಲನೆ, ಮಹಜರು ಎಂದು ಆರು ತಿಂಗಳು ತೆಗೆದುಕೊಳ್ಳುತ್ತಿದ್ದ. ತಾವು ಒಬ್ಬ ಮುದುಕನ ಮಾತು ನಂಬಿ ಅರ್ಧ ಗಂಟೆಯಲ್ಲಿ ಮನೆ ಮುಚ್ಚಿದಿರಿ.

ಗುರುವಾರ ಮಧ್ಯಾಹ್ನ ಎದೆಯ ಮೇಲೆ ಏನೋ ತಣ್ಣಗಾದಂತಾಗಿ ಎಚ್ಚರವಾಯಿತು. ನೋಡಿದರೆ ಸುಗಂಧರಾಜದ ಹಾರ. ಜಗಲಿಯ ಕೆಳಗೆ ನಾಲ್ಕು ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತಿದ್ದಾರೆ. ತಲೆಯ ಹತ್ತಿರ ವಿಶಾಲಾಕ್ಷಿಯ ತಮ್ಮ ಈರಭದ್ರಪ್ಪ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಯಗಟಿಯಲ್ಲಿ ಯಾರೋ ಫೋನು ತೆಗೆದು ನೋಡಿದ್ದಾರೆ. ಸಣ್ಣ ಪರದೆಯಲ್ಲಿ ನನ್ನ ಹೆಸರಿನ ಬಾಲವೆಲ್ಲ ಕತ್ತರಿಸಿಹೋಗಿ, ಬರೀ ತೀರ್ಥಪ್ಪ, ಅದರ ಕೆಳಗೆ ಕೆಂಪಕ್ಷರದಲ್ಲಿ ಶಾಶ್ವತ ಎಂದು ಕಂಡಿದೆ. ಸಿಕ್ಕ ಬಸ್ಸು ಹತ್ತಿ ಬಂದಿದ್ದಾರೆ. ನಾನು ಎದ್ದು ಕುಳಿತು ಯಾವಾಗ ಬಂದಿರಿ ಎಂದದ್ದಕ್ಕೆ ಒಬ್ಬಾಕೆ ಮೂರ್ಛೆ ಹೋದಳು. ಸತ್ತವನ ಗೊರಕೆ ಕೇಳಿಯೂ ಹಾರ ಹಾಕಿದೆಯಲ್ಲೋ ಎಂದು ನಾನು ರೇಗಿದರೆ, ತಂದಿದ್ದೆ ಭಾವ, ವಾಪಸು ಹೇಗೆ ಒಯ್ಯುವುದು ಎಂದ ಆ ಮಹಾನುಭಾವ. ಅವರೆಲ್ಲರೂ ಉಂಡೇ ಹೋದರು, ಊಟ ಚೆನ್ನಾಗಿತ್ತೆಂದೂ ಹೇಳಿ ಹೋದರು.

ಅವರು ಹೋದ ಮೇಲೆ ವಿಶಾಲಾಕ್ಷಿ, ಮುಚ್ಚಿದೆ ಅಂತ ಬರೆದದ್ದು ಯಾರು ಎಂದು ಕೇಳಿದಳು. ಒಂದು ಸುಳ್ಳಿಗೇ ಇಷ್ಟಾಗಿತ್ತು, ನಾನೇ ಎಂದೆ. ಅವಳು ಕೂಗಾಡಲಿಲ್ಲ, ಅದೇ ಕಷ್ಟವಾದದ್ದು.

"ನಲವತ್ತೊಂದ್ ವರ್ಷ ಉಂಡ್ರಿ. ಸಾಕು ಅನ್ನೋದ್ ಬಿಟ್ಟು ಇನ್ನೊಂದ್ ಮಾತು ಬರ್ಲಿಲ್ಲ ನಿಮ್ಮ ಬಾಯಲ್ಲಿ. ಯಾರೋ ದಾರಿಹೋಕರು ಚೆನ್ನಾಗೈತೆ ಅಂತ ಬರೆದ್ರು. ಅದನ್ನೂ ಮುಚ್ಚಿಸ್‌ಬಿಟ್ರಲ್ಲ" ಎಂದಳು.

ಅಂದಿನಿಂದ ಒಲೆ ಒಬ್ಬರ ಮಟ್ಟಿಗೆ ಉರಿಯುತ್ತಿದೆ, ಆ ಒಬ್ಬರು ನಾನಲ್ಲ. ಮುಚ್ಚಿದ ಹೋಟೆಲಿನಲ್ಲಿ ಊಟ ಕೇಳುವುದೆಂಥದು ಎನ್ನುತ್ತಾಳೆ. ಒಂಬತ್ತು ದಿನದಿಂದ ನಾನು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದೇನೆ. ಅಲ್ಲಿಯೂ ಪ್ರವಾಸಿಗರೊಬ್ಬರು ಸಿಕ್ಕು, ಇಲ್ಲಿ ಒಳ್ಳೆಯ ಮನೆಯೂಟ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದರು. ಉತ್ತರ ಹೇಳಿದೆ, ನನ್ನ ಕಣ್ಣಲ್ಲಿ ನೀರು ಬಂತು.

ಅಮ್ಮಣ್ಣಿಯವರೇ, ನಮ್ಮ ಮನೆತನದಲ್ಲಿ ಎಲೆಯ ಮುಂದೆ ಕುಳಿತು ಅಡುಗೆಯನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ನನ್ನ ತಂದೆ ಹೊಗಳಲಿಲ್ಲ, ಅವರ ತಂದೆಯೂ ಹೊಗಳಲಿಲ್ಲ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನೇ ಹೆಂಗಸರು ಅರ್ಥ ಮಾಡಿಕೊಳ್ಳಬೇಕಿತ್ತು. ಉಪ್ಪು ಜಾಸ್ತಿಯಾದ ದಿನ ಮಾತ್ರ ನಮಗೆಲ್ಲ ಮಾತು ಬರುತ್ತಿತ್ತು. ಇದು ಪದ್ಧತಿಯಲ್ಲ, ಸೊಕ್ಕು ಎಂದು ಚಿತ್ರಾನ್ನದ ಏಳನೆಯ ದಿನ ನನಗೆ ಹೊಳೆಯಿತು.

ಹೊಳೆದ ಕೂಡಲೇ ತಮ್ಮ ಆ್ಯಪು ತೆರೆದು, ನನ್ನ ಮನೆಗೆ ನಾನೇ ಐದು ನಕ್ಷತ್ರ ಕೊಟ್ಟು, ನಾಲ್ಕು ಮಾತು ಬರೆದೆ. ಮುಚ್ಚಿದ ಸ್ಥಳದ ಬಗ್ಗೆ ಅಭಿಪ್ರಾಯ ಸ್ವೀಕರಿಸುವುದಿಲ್ಲ ಎಂದು ತಾವು ತಿರಸ್ಕರಿಸಿದಿರಿ. ಮತ್ತೆ ತೆರೆಸಲು ಹೋದರೆ, ಈ ಸ್ಥಳ ತೆರೆದಿದೆಯೆಂದು ತಾವು ಸ್ವತಃ ಬಲ್ಲಿರಾ ಎಂದು ಕೇಳುತ್ತೀರಿ. ಸತ್ಯವಾಗಿ ಹೇಳಬೇಕೆಂದರೆ ಒಬ್ಬರಿಗೆ ತೆರೆದಿದೆ, ನನಗೆ ಇಲ್ಲ, ಆದರೆ ಹಾಗೆಂದು ಒತ್ತಲು ಗುಂಡಿಯನ್ನೇ ಇಟ್ಟಿಲ್ಲ. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೆ. ನನ್ನನ್ನು ನೌಕರನೆನ್ನಿ, ಗೊರಕೆಯ ಸಮಯವನ್ನು ಬೋರ್ಡು ಬರೆಸಿ ಹಾಕಿ, ಇಡೀ ಚಿಕ್ಕಮಗಳೂರು ಜಿಲ್ಲೆಯನ್ನು ಊಟಕ್ಕೆ ಕಳಿಸಿ, ಚಕಾರವೆತ್ತುವುದಿಲ್ಲ. ಕೆಳಗಿನ ನಾಲ್ಕು ಸಾಲು ಹಾಕುವಷ್ಟು ಹೊತ್ತಾದರೂ ನಮ್ಮ ಮನೆಯನ್ನು ತೆರೆಯಬೇಕು. ಮತ್ತು ಜಗಲಿಯಿಂದ ಹನ್ನೆರಡು ಹೆಜ್ಜೆ ನೇರ ಹೋಗಿ ಬಲಕ್ಕೆ ತಿರುಗಿದರೆ ಸಿಗುವ ನಮ್ಮ ಅಡುಗೆಮನೆಗೆ, ನನಗೆ ಧೈರ್ಯ ಬರುವಂತೆ, ತಮ್ಮ ಸ್ವರದಲ್ಲಿ ಒಮ್ಮೆ ದಾರಿ ಹೇಳಬೇಕು.

ಪ್ರಕಟಿಸಬೇಕಾದ ಅಭಿಪ್ರಾಯ: 'ನಾನು ಇಲ್ಲಿ ನಲವತ್ತೊಂದು ವರ್ಷದಿಂದ ಉಣ್ಣುತ್ತಿದ್ದೇನೆ. ರಾತ್ರಿ ಪಾಳಿಗೆ ಹೊರಟ ದಿನ ಬುತ್ತಿಯ ರೊಟ್ಟಿ ಬೀರೂರಿಗೆ ಹೋಗಿ ಬಿಚ್ಚಿದರೂ ಮೆತ್ತಗಿರುತ್ತಿತ್ತು. ಬಸ್ಸಾರು ಮಾರನೆಯ ದಿನ ಇನ್ನೂ ಚೆನ್ನ. ಜ್ವರ ಬಂದಾಗ ಮಾಡುವ ಮೆಣಸಿನ ಸಾರಿಗಾಗಿ ಎರಡು ಸಲ ಜ್ವರ ಬಂದಿದೆಯೆಂದು ಸುಳ್ಳು ಹೇಳಿದ್ದೇನೆ. ಬೇರೆಲ್ಲಿಯೂ ಉಣ್ಣುವ ಇಚ್ಛೆಯಿಲ್ಲ.'

ದಾರಿ ತಪ್ಪಿ ಬಸ್ ನಿಲ್ದಾಣದ ಪಾಲಾಗಿರುವ,
ತಮ್ಮ ವಿಶ್ವಾಸಿ,
ತೀರ್ಥಪ್ಪ
ನಿವೃತ್ತ ವಿಚಾರಣೆ ಗುಮಾಸ್ತ, ತರೀಕೆರೆ

ತಾ.ಕ.: ಪತ್ರವನ್ನು ಮಡಚಿ ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ವಿಶಾಲಾಕ್ಷಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಮುಗಿಸಿದ್ದಳು. "ಅವಳಿಗ್ಯಾಕ್ರೀ ಬರೀತೀರಿ? ನಾನು ಇಲ್ಲೇ ಇದೀನಲ್ಲ" ಎಂದಳು. ಬೇರೆ ದಾರಿಯಿಲ್ಲದೆ ಬಾಯಿಬಿಟ್ಟು ಹೇಳಿದೆ. ಈ ದಿನ ಮಧ್ಯಾಹ್ನದ ಊಟ ಮನೆಯಲ್ಲೇ ಆಯಿತು. ಸಾರಿಗೆ ಉಪ್ಪು ಕೊಂಚ ಮುಂದಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡು ಉಂಡೆ. ಈ ಸ್ಥಳದ ಊಟ ಹೇಗಿತ್ತು ಎಂದು ತಾವು ಇವತ್ತೊಂದು ದಿನ ನನ್ನನ್ನು ಕೇಳಕೂಡದು.