ಪುರಿಂಗ್ ಮೇಡಂ ಗಂಟಲು ಕಟ್ಟಿದ ದಿನ

ಅಡುಗೆ ಪಾಠದ ಪುರಿಂಗ್ ಮೇಡಂ ಹಿಂದಿನ ಸಂಜೆ ಹುಟ್ಟುಹಬ್ಬವೊಂದರಲ್ಲಿ ಮೈಕು ಕೈಗೆ ಸಿಕ್ಕಿದ್ದೇ ತಡ, ಕರೋಕೆ ಪೆಟ್ಟಿಗೆಯೊಳಗಿದ್ದ ವಿರಹಗೀತೆಗಳನ್ನೆಲ್ಲ ಹಾಡಿ ಮುಗಿಸಿದ್ದರು. ಬೆಳಗ್ಗೆ ಬಾಯಿ ತೆರೆದರೆ ತೂತುಬಿದ್ದ ಸೈಕಲ್ ಟ್ಯೂಬಿನ ಹಾಗೆ ಬರೀ ಗಾಳಿ.

ಅಂದೇ ಇಲೋಯಿಲೋ ಸೀಮೆಯ ಶಾಲೆಗಳ ವಾಲಿಬಾಲ್ ಪಂದ್ಯ. ಹುಡುಗಿಯರ ತಂಡಕ್ಕೆ ಮೇಡಮ್ಮೇ ಕೋಚು. ಈ ಸಲವೂ ಸೋತರೆ ತಂಡವನ್ನು ಲೆಕ್ಕದ ಡಿಯೊನಿಸಿಯೊ ಮೇಷ್ಟ್ರಿಗೆ ಒಪ್ಪಿಸುವುದಾಗಿ ಹೆಡ್ಮಾಸ್ಟರು ಹೇಳಿಬಿಟ್ಟಿದ್ದರು. ಆಟದ ನಿಯಮ ಮೇಡಂಗೆ ಅರ್ಧಂಬರ್ಧ ಗೊತ್ತು, ನಿಜ. ಆದರೆ ಪಂದ್ಯಕ್ಕೆ ಹೋದಲ್ಲೆಲ್ಲ ಅಲ್ಲಿನ ಶಾಲೆಯ ತರಗತಿಯ ನೆಲದಲ್ಲಿ ಚಾಪೆ ಹಾಸಿ ಆ ಮಕ್ಕಳ ನಡುವೆ ಮಲಗಿ, ಅನ್ನ ಬೇಯಿಸಿ ಬಡಿಸಿ, ಜಡೆ ಹೆಣೆದವರು ಅವರೇ. ಬಿಟ್ಟುಕೊಡುವುದೆಂದರೆ ಕರುಳು ಕಿತ್ತಂತೆ.

"ಶುಂಠಿ ಕಷಾಯ ಕುಡಿಯಮ್ಮ," ಎಂದಳು ಕ್ಯಾಂಟೀನಿನವಳು.

"ಹಸಿ ಮೊಟ್ಟೆ ನುಂಗಿಬಿಡಿ ಮೇಡಂ, ಕೋಗಿಲೆ ಆಗ್ತೀರಿ," ಎಂದರು ಡಿಯೊನಿಸಿಯೊ ಮೇಷ್ಟ್ರು.

ಮೇಡಂ ಎರಡನ್ನೂ ಮಾಡಿದರು. ಗಂಟಲು ಸುಮ್ಮನೇ ಇತ್ತು, ಹೊಟ್ಟೆ ಮಾತಾಡತೊಡಗಿತು.

ಪಂದ್ಯ ಶುರುವಾಯಿತು. ಯಾವಾಗಲೂ ಒಂದೊಂದು ಚೆಂಡಿಗೂ ಹತ್ತಾರು ಆಜ್ಞೆ ಕೂಗುತ್ತಿದ್ದ ಮೇಡಂ ಇವತ್ತು ಕೈ ಬೀಸಿದರು, ಕುಣಿದರು.

"ಮೇಡಂ ನೊಣ ಓಡಿಸ್ತಿದಾರೇನೇ?" ಎಂದಳು ತಂಡದ ಹುಡುಗಿಯೊಬ್ಬಳು.

"ಯಾರಿಗ್ಗೊತ್ತು! ನೀನು ಮುಂದೆ ನಿಂತ್ಕೋ, ಹಿಂದೆ ಬಂದದ್ದು ನಾನು ನೋಡ್ಕೋತೀನಿ," ಎಂದಳು ನಾಯಕಿ ಲಿವಾಯ್.

ಅಂಗಳದಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಮಾತಾಡಿಕೊಂಡದ್ದು ಅದೇ ಮೊದಲು. ಚೆಂಡು ಸಾಕಿದ ಪಾರಿವಾಳದಂತೆ ಅವರ ಕೈಗೇ ಬಂದು ಕೂರತೊಡಗಿತು. ಅಷ್ಟರಲ್ಲಿ ಮೊಟ್ಟೆಯೂ ಶುಂಠಿಯೂ ಜಗಳಕ್ಕೆ ಬಿದ್ದು, ಮೇಡಂ ಹೊಟ್ಟೆ ಹಿಡಿದು ಎಡಕ್ಕೆ ಬಾಗಿದರು.

"ಅದು ಗುಪ್ತ ಸನ್ನೆ ಕಣ್ರೇ! ಎಲ್ಲಾ ಎಡಕ್ಕೆ ಹೋಗಿ!" ಎಂದು ಎದುರಾಳಿ ಕೋಚು ಅರಚಿದ. ಅವರೆಲ್ಲ ಎಡಕ್ಕೆ ಓಡಿದರು. ಲಿವಾಯ್ ಅವರು ಖಾಲಿ ಬಿಟ್ಟ ಬಲಕ್ಕೆ ಹೊಡೆದಳು. ಅದೇ ಕೊನೆಯ ಅಂಕ, ಗೆದ್ದೇಬಿಟ್ಟರು!

ಬೆವರಿಳಿಯುತ್ತಿದ್ದ ಮಕ್ಕಳೆಲ್ಲ ಬಂದು ಮೇಡಂ ಕೊರಳಿಗೆ ಜೋತುಬಿದ್ದರು. ತಂಡ ಉಳಿಯಿತೆಂದು ಮೇಡಂ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹೆಡ್ಮಾಸ್ಟರು ಏದುಸಿರು ಬಿಡುತ್ತ ಬಂದರು.

"ಏನ್ ಕೋಚಿಂಗ್ ಮೇಡಂ ನಿಮ್ದು! ಬಾಯೇ ತೆರೀದೆ ಗೆಲ್ಲಿಸಿಬಿಟ್ರಿ! ಇನ್ನು ಈ ಹುಡುಗೀರು ತಾವೇ ಆಡ್ಕೋತಾರೆ. ಪಕ್ಕದಲ್ಲಿ ಡಿಯೊನಿಸಿಯೊ ನಿಂತಿದ್ರೆ ಸಾಕು. ನಿಮ್ಮಂಥೋರು ಬೇಕಾಗಿರೋದು ಒಂದು ಗೋಲೂ ಹೊಡೀದ ನಮ್ಮ ಹುಡುಗರ ಫುಟ್‌ಬಾಲ್ ತಂಡಕ್ಕೆ. ನಾಳೆಯಿಂದ ಅದು ನಿಮ್ದು!"

ಬೇಡವೇ ಬೇಡವೆಂದು ಮೇಡಂ ಎರಡೂ ಕೈ ಜೋರಾಗಿ ಆಡಿಸಿದರು.

"ನೋಡಿದ್ರಾ!" ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದರು. "ಆಗಲೇ ಹುಡುಗರಿಗೆ ಹೊಸ ಪಟ್ಟು ಹೇಳ್ಕೊಡೋಕೆ ಶುರು ಮಾಡಿದಾರೆ!"