ಪಕ್ಕದವರ ಬೆಂಕಿಯ ಬಜೆಟ್ಟು

ನಮ್ಮ ಮನೆಗೆ ಏನು ಬೇಕು ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಪಕ್ಕದ ಮನೆಯವರಿಗೆ ಏನು ಬೇಡ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತೇನೆ. ಅವರಿಗೆ ಆ ದೊಡ್ಡ ಫ್ರಿಜ್ ಬೇಕಿರಲಿಲ್ಲ. ಒಳಗಿರುವುದು ಅರ್ಧ ಕಟ್ಟು ಕೊತ್ತಂಬರಿ ಸೊಪ್ಪು. ಮದುವೆಮನೆಯಲ್ಲೂ ಅಷ್ಟೇ. ಎರಡನೇ ಸಲ ಹೋಳಿಗೆ ಹಾಕಿಸಿಕೊಂಡವರೇ ಕೈತೊಳೆಯುವಾಗ ‘ಇಷ್ಟೊಂದು ಐಟಂ ಯಾಕೆ ಬೇಕಿತ್ತೋ’ ಎನ್ನುತ್ತಾರೆ. ಇದು ದುರ್ಗುಣ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಮಾತ್ರ ಇದರ ಮೇಲೆ ಒಂದು ಕಚೇರಿ ಪದ್ಧತಿಯನ್ನೇ ಕಟ್ಟಿದೆ. ನಿಜ ಹೇಳಬೇಕೆಂದರೆ ಅದು ತಾನೇ ಕಟ್ಟಿಕೊಂಡಿತು. ಹೆಸರು ನನಗೆ ಬಂತು, ನಾನು ಬೇಡ ಎನ್ನಲಿಲ್ಲ.

ನಾನಿರುವುದು ಹಾಸನದಲ್ಲಿ, ಕಾಡು ಕಾಯುವ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇರುವುದರಿಂದ ಮಧ್ಯಾಹ್ನದ ಊಟ ಮನೆಯಲ್ಲಿ, ಆಮೇಲೆ ಸಣ್ಣದೊಂದು ನಿದ್ದೆ. ಈ ಸಣ್ಣ ನಿದ್ದೆಗೆ ನನ್ನ ಹೆಂಡತಿ ಸರೋಜ ‘ಎರಡನೇ ರಾತ್ರಿ’ ಎನ್ನುತ್ತಾಳೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಚೇರಿಗಳೂ ನಮ್ಮ ಜೊತೆಗೇ ಸೇರಿವೆ. ನಮ್ಮದು ಹೆಮ್ಮರಗಳ ಕಾಡಲ್ಲ. ಕುರುಚಲು ಗುಡ್ಡ, ಸೊಂಟದವರೆಗೆ ಒಣಹುಲ್ಲು. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು. ಮೊದಲ ಮಳೆಗೆ ದನಕ್ಕೆ ಎಳೆಹುಲ್ಲು ಬರಲಿ ಎಂದು ಕಡ್ಡಿ ಗೀರುವವರೂ ಇದ್ದಾರೆ. ಅದಕ್ಕೇ ಬಿಸಿಲು ಏರುವ ಮೊದಲು ಗುಡ್ಡದ ಸುತ್ತ ಹುಲ್ಲು ಕೆರೆದು ಬೆಂಕಿ ರೇಖೆ ಮಾಡಬೇಕು, ಕಾವಲಿಗೆ ಆಳು ಹಾಕಬೇಕು. ಪ್ರತಿ ಕಚೇರಿಯೂ ಇದಕ್ಕೆ ದುಡ್ಡು ಕೇಳುತ್ತದೆ. ನಾಲ್ಕು ಆಳು ಬೇಕಾದರೆ ಎಂಟು ಕೇಳುವುದು, ಸಾಹೇಬರು ಅರ್ಧಕ್ಕೆ ಕತ್ತರಿಸುವುದು ವಾಡಿಕೆ. ಕೇಳುವವರಿಗೂ ಗೊತ್ತು, ಕತ್ತರಿಸುವವರಿಗೂ ಗೊತ್ತು, ಎಲ್ಲರೂ ನೆಮ್ಮದಿಯಾಗಿದ್ದರು.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಹೊಸ ಕಂಪ್ಯೂಟರ್ ವ್ಯವಸ್ಥೆಯಿಂದ. ನಾಲ್ಕೂ ಕಚೇರಿಗೆ ಒಂದೇ ಯೋಜನೆ, ಒಂದೇ ಬಜೆಟ್ಟು. ಒಬ್ಬರು ತುಂಬಿದ್ದು ಇನ್ನೊಬ್ಬರಿಗೆ ಕಾಣುತ್ತದೆ. ಜಾರಿಗೆ ತರುವ ಹೊಣೆ ನನಗೆ. ‘ಎಲ್ಲರಿಗೂ ಕಾಣುತ್ತೆ ಅಂದಮೇಲೆ ಯಾರೂ ಜಾಸ್ತಿ ಕೇಳಲ್ಲ, ನಾಚಿಕೆ ಆಗುತ್ತೆ’ ಎಂದು ಸಾಹೇಬರಿಗೆ ಗಟ್ಟಿಯಾಗಿ ಹೇಳಿದೆ. ನಾಚಿಕೆಯ ವಿಷಯದಲ್ಲಿ ನನ್ನ ಅಂದಾಜು ತಪ್ಪಿತ್ತು. ಅರಕಲಗೂಡು ಎಂಟು ಆಳು ಕೇಳಿದ್ದು ಕಂಡು ಹೊಳೆನರಸೀಪುರ ಹತ್ತು ಕೇಳಿತು, ಅದನ್ನು ಕಂಡು ಚನ್ನರಾಯಪಟ್ಟಣ ಹನ್ನೆರಡು. ಹಾಸನದವರು ಹಿಂದೆ ಬೀಳಬಾರದೆಂದು ನಾನು ಹೊಸದೊಂದು ನೀರಿನ ಟ್ಯಾಂಕರನ್ನೇ ಕೇಳಿದೆ. ಸಾಹೇಬರು ನೋಡಿ, ‘ಇದೇನು ಹರಾಜಾ? ಎಲ್ಲಾ ಅಳಿಸಿ. ಶನಿವಾರ ಸಂಜೆಯೊಳಗೆ ನಿಜವಾದ್ದು ಬರದಿದ್ದರೆ ಖಾಲಿ ಹಾಳೆ ಕಳಿಸ್ತೀನಿ. ಈ ಬೇಸಿಗೆಗೆ ಒಂದಾಳೂ ಇಲ್ಲ’ ಎಂದರು. ಆಳಿಲ್ಲದ ಗುಡ್ಡ ಬೇಸಿಗೆಯಲ್ಲಿ ಏನಾಗುತ್ತದೆಂದು ನಾನು ಕಂಡಿದ್ದೇನೆ. ನಿಜಕ್ಕೂ ಹೆದರಿಕೆಯಾಯಿತು.

ಎಲ್ಲ ಅಳಿಸಿ, ಹೊಸ ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ ಕಳಿಸಿದೆ. ಶುಕ್ರವಾರ ಅರಕಲಗೂಡಿನ ಜವರಪ್ಪನ ಫೋನು. ಆತ ಅಲ್ಲಿನ ಗುಮಾಸ್ತ.

‘ಸಾ, ನನ್ ಪೇಜ್ ತಗುದ್ರೆ ಒಳೆನರಸೀಪುರದ ಗುಡ್ಡ ಬತ್ತದೆ. ಏನ್ ಮಾಡ್ಲಿ ಸಾ?’

ಕವರಿನೊಳಗಿನ ಚೀಟಿಗಳು ಅದಲುಬದಲಾಗಿದ್ದವು. ಚೀಟಿ ಹಾಕುವಾಗ ನಾನು ಕಾಫಿ ಕುಡಿಯುತ್ತ ಕ್ರಿಕೆಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದೆ. ಒಪ್ಪಿಕೊಳ್ಳಬಹುದಿತ್ತು. ಆದರೆ ಎದುರಿಗೆ ಸಾಹೇಬರು ನಿಂತಿದ್ದರು. ಬಾಯಿಂದ ತಾನಾಗಿಯೇ ಬಂತು: ‘ಅದು ಹಾಗೇ ಇರೋದು ಜವರಪ್ಪ. ಹೊಸ ಪದ್ಧತಿ. ಪಕ್ಕದವರದ್ದು ನೀವು ತುಂಬಬೇಕು.’

ಆ ಕಡೆಯಿಂದ ಬಹಳ ಸಂತೋಷದ ದನಿ: ‘ಅಂಗಾ ಸಾ? ಮೊದ್ಲೇ ಯೋಳೋದಲ್ವಾ!’

ಸಾಹೇಬರು ನನ್ನನ್ನು ನೋಡಿದರು. ‘ಒಳ್ಳೇ ಯೋಚನೆ ಕಣ್ರೀ. ನಿಮ್ಮದೇನಾ?’ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಉಳಿದೆರಡು ಕಚೇರಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಎಷ್ಟು ಗೋಗರೆದರೂ ನಿಜ ಕಾಣದ ಪುಟಗಳು ಅಂದು ಸಂಜೆಯೊಳಗೆ ಭರ್ತಿ. ಹೊಳೆನರಸೀಪುರದವರು ಬೆಂಕಿ ರೇಖೆ ಕೆರೆಯುವುದು ಜೀಪಿನಿಂದ ಕಾಣುವ ಕಡೆ ಮಾತ್ರ, ಕುರಿ ಹೋಗುವ ಹಿಂಬದಿಯಲ್ಲಿ ಏನೂ ಇಲ್ಲ, ನಾಲ್ಕು ಆಳು ಅಲ್ಲಿಗೆ ಹಾಕಿ ಎಂದು ಜವರಪ್ಪ ಬರೆದಿದ್ದ. ಹೊಳೆನರಸೀಪುರದ ನಾಗವೇಣಿ ಮೇಡಂ ಕೈಗೆ ಚನ್ನರಾಯಪಟ್ಟಣದ ಪುಟ ಸಿಕ್ಕಿತ್ತು. ‘ನಾನು ಇನ್ನೊಬ್ಬರ ವಿಷಯ ಮಾತಾಡೋಳಲ್ಲ ಸಾರ್. ನೀವೇ ಕೇಳಿದ್ರಲ್ಲ ಅಂತ ಹೇಳ್ತೀನಿ, ಹೋದ ವರ್ಷ ಕೊಟ್ಟ ಬೆಂಕಿ ಆರಿಸೋ ಯಂತ್ರ ಅಲ್ಲಿ ಇನ್ನೂ ಡಬ್ಬದಲ್ಲೇ ಇದೆ’ ಎಂದು ಫೋನಿನಲ್ಲೂ ತಿಳಿಸಿದರು. ನನಗೆ ಸಿಕ್ಕಿದ್ದು ಅರಕಲಗೂಡು. ಎಷ್ಟು ಖುಷಿಯಿಂದ ತುಂಬಿದೆನೆಂದು ಹೇಳಲು ಸಂಕೋಚ. ಯಾರೂ ಪಕ್ಕದವರಿಗೆ ಒಂದಾಳು ಜಾಸ್ತಿ ಕೇಳಲಿಲ್ಲ. ಯಾರೂ ಬೇಕಾದ ಕಡೆ ಕಡಿಮೆಯೂ ಮಾಡಲಿಲ್ಲ, ಏಕೆಂದರೆ ಪಕ್ಕದ ಗುಡ್ಡ ಹತ್ತಿಕೊಂಡರೆ ಕಿಡಿ ಹಾರುವುದು ತಮ್ಮ ಕಡೆಗೇ. ಇಷ್ಟು ಸತ್ಯವಾದ ಬಜೆಟ್ಟನ್ನು ನನ್ನ ಸರ್ವಿಸಿನಲ್ಲಿ ನೋಡಿರಲಿಲ್ಲ.

ಶನಿವಾರ ಸಾಹೇಬರು ಕರೆದರು. ಹೊಗಳಿಕೆಗೆ ತಯಾರಾಗಿ ಷರಟಿನ ಕಾಲರ್ ಸರಿಮಾಡಿಕೊಂಡು ಹೋದೆ. ಪಕ್ಕದವರ ಪುಟಗಳನ್ನು ಓದುವ ಖುಷಿಯಲ್ಲಿ, ಹಾಸನದ ಪುಟ ಯಾರ ಕೈಗೆ ಹೋಗಿರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅದು ಹೋದದ್ದು ಚನ್ನರಾಯಪಟ್ಟಣದ ಪುಟ್ಟೇಗೌಡರಿಗೆ. ಹೋದ ಬೇಸಿಗೆ ಅಲ್ಲಿನ ಗುಡ್ಡಕ್ಕೆ ಬೆಂಕಿ ಬಿದ್ದಾಗ ಟ್ಯಾಂಕರಿಗಾಗಿ ಅವರು ಊಟದ ಹೊತ್ತಿನಲ್ಲಿ ನಮ್ಮ ಕಚೇರಿಗೆ ಫೋನು ಮಾಡಿ ಮಾಡಿ ಸೋತಿದ್ದರು. ಸಾಹೇಬರು ಗಟ್ಟಿಯಾಗಿ ಓದಿದರು: ‘ಹಾಸನಕ್ಕೆ ಹೊಸ ಟ್ಯಾಂಕರ್ ಬೇಡ, ಇರುವುದೇ ಸಾಕು. ಮಧ್ಯಾಹ್ನದ ಹೊತ್ತು ಫೋನ್ ಎತ್ತಲು ಒಬ್ಬ ಮನುಷ್ಯ ಬೇಕು. ಖರ್ಚಿಲ್ಲ. ಒಬ್ಬರು ಅಲ್ಲೇ ಇದ್ದಾರೆ.’

‘ಮಂಜೂರು’ ಎಂದರು ಸಾಹೇಬರು. ‘ನಿಮ್ಮದೇ ಪದ್ಧತಿ ಅಲ್ವಾ?’

ಅಲ್ಲ ಎನ್ನುವುದು ಹೇಗೆ? ಈಗ ಬೇಸಿಗೆಯುದ್ದಕ್ಕೂ ನನ್ನ ಊಟ ಡಬ್ಬಿಯಲ್ಲಿ, ಫೋನಿನ ಪಕ್ಕದಲ್ಲಿ. ‘ನನ್ನ ಕೈಗೆ ಆ ಪುಟ ಕೊಟ್ಟಿದ್ರೆ ಇನ್ನೂ ಚೆನ್ನಾಗಿ ತುಂಬ್ತಿದ್ದೆ’ ಎಂದಳು ಸರೋಜ. ಮೊನ್ನೆ ಚನ್ನರಾಯಪಟ್ಟಣದ ಗುಡ್ಡಕ್ಕೆ ಮತ್ತೆ ಬೆಂಕಿ ಬಿತ್ತು. ಮೊದಲ ರಿಂಗಿಗೇ ಎತ್ತಿದೆ, ಟ್ಯಾಂಕರ್ ಓಡಿತು, ಗುಡ್ಡ ಉಳಿಯಿತು. ಎದೆ ಉಬ್ಬಿತೆಂದು ಹೇಳಲು ನನಗೇನೂ ಸಂಕೋಚವಿಲ್ಲ. ಮಾರನೇ ದಿನ ಬಿಸಿಲು ಜೋರಾಗಿತ್ತು, ಮೊಸರನ್ನ ತಿಂದಿದ್ದೆ, ಕಣ್ಣು ಎಳೆಯುತ್ತಿತ್ತು. ಇನ್ನೇನು ಗೋಡೆಗೆ ತಲೆ ಆನಿಸಬೇಕು, ಫೋನು ಹೊಡೆದುಕೊಂಡಿತು. ಎದ್ದು ಬಿದ್ದು ಎತ್ತಿದೆ. ಪುಟ್ಟೇಗೌಡರು.

‘ಎಲ್ಲಿ ಬೆಂಕಿ ಗೌಡ್ರೇ?’

‘ಎಲ್ಲೂ ಇಲ್ಲ ಸಾ. ಎತ್ತೀರೋ ಇಲ್ವೋ ಅಂತ ನೋಡ್ದೆ.’