ಹಂಚಿನ ಮೇಲೆ ಬ್ರೌನಿ

ಹೋಳಿಗೆ ಮಾಡಲು ಬಾರದ ಹೆಂಗಸಿಗೆ ನಮ್ಮ ಕಡೆ ಏನೂ ಬರುವುದಿಲ್ಲ ಎಂದೇ ಲೆಕ್ಕ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಅರ್ಧ ಜಮಖಂಡಿಯ ಕಿವಿ ಹಿಂಡಿದ್ದೇನೆ. ಆದರೂ ನೆಂಟರ ನಡುವೆ ನನ್ನ ಗುರುತು 'ಹೋಳಿಗಿ ಹರಿಯಾಕಿ' ಎಂದೇ. ಹರಿಯುತ್ತದೆ, ಒಪ್ಪಿಕೊಳ್ಳುತ್ತೇನೆ. ಹರಿದ ಹೋಳಿಗೆಯೂ ಹೊಟ್ಟೆಗೇ ಹೋಗುತ್ತದಲ್ಲ, ಅದಕ್ಕೇನು ರೋಗ?

ಈ ಹೆಸರಿಟ್ಟವರು ಮುಧೋಳದಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಸುಮಂಗಲಕ್ಕ. ನಮ್ಮ ಯಜಮಾನರ ಕಚೇರಿ ಮುಧೋಳದಲ್ಲೇ ಇರುವುದರಿಂದ ಅಕ್ಕನ ಸ್ಟೀಲ್ ಡಬ್ಬಿ ಅವರ ಕೈಚೀಲದಲ್ಲಿ ಬಂದು ಹೋಗುತ್ತಿರುತ್ತದೆ. ಬರುವಾಗ ಅದರ ತುಂಬ ಶೇಂಗಾ ಹೋಳಿಗೆ, ಒಂದೂ ಹರಿದಿರುವುದಿಲ್ಲ. ಬಂದ ಡಬ್ಬಿಯನ್ನು ಖಾಲಿ ಕಳಿಸುವಂತಿಲ್ಲ, ಅದು ಪದ್ಧತಿ. ನಾನು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ಹೋದ ತಿಂಗಳು ಫೋನಿನಲ್ಲಿ ಅಕ್ಕ ನಕ್ಕೇಬಿಟ್ಟರು. "ವಿಜಿ, ನಿಮ್ಮ ಮನಿ ಸಕ್ರಿ ಭಾಳ ಛಲೋ ಇರ್ತೈತಿ ಬೇ. ನಿಮ್ಮ ಕಿರಾಣಿ ಅಂಗಡ್ಯಾವ ಶ್ಯಾಣ್ಯಾ ಅದಾನ!"

ಮೈಯೆಲ್ಲ ಉರಿದುಹೋಯಿತು. ಈ ಸಲ ಡಬ್ಬಿಯಲ್ಲಿ ಬ್ರೌನಿ ಹೋಗಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಅಕ್ಕನಿಗೆ ಬಾರದ್ದನ್ನೇ ಮಾಡಿ ಬಾಯಿ ಮುಚ್ಚಿಸಬೇಕು. ಯಜಮಾನರು ಮೆಲ್ಲಗೆ, "ರೆಡಿ ಪಾಕೀಟ ಸಿಗ್ತಾವಂತ. ಬರೇ ಕಲಸಿ ಇಟ್ರ ಆತು" ಎಂದರು.

"ಪಾಕೀಟದ್ದು ಮಾಡಿದ್ರ ಮತ್ತ ಅಂಗಡ್ಯಾವಗ ಹೆಸರ ಬರ್ತೈತಿ. ನೀವು ಸುಮ್ನ ಪೇಪರ್ ಓದ್ರಿ" ಎಂದೆ. ಓದಿದರು.

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಬ್ರೌನಿಯ ವಿಡಿಯೋ ಹಚ್ಚಿಟ್ಟು ಸೆರಗು ಸಿಕ್ಕಿಸಿದೆ. ನಮ್ಮ ಮನೆಯಲ್ಲಿ ತತ್ತಿ ಹೊಸ್ತಿಲು ದಾಟುವಂತಿಲ್ಲ, ಅದಕ್ಕೆ ಬದಲು ಮೊಸರು. ಕಂದು ಸಕ್ಕರೆ ಊರಲ್ಲಿ ಸಿಗಲಿಲ್ಲ, ಅದಕ್ಕೆ ಬದಲು ಬೆಲ್ಲ. ಓವನ್ ಇಲ್ಲ, ಅದಕ್ಕೆ ಬದಲು ಸೀಟಿ, ರಬ್ಬರ್ ತೆಗೆದು ತಳಕ್ಕೆ ಉಪ್ಪು ಹರವಿದ ಕುಕ್ಕರ್. ಹಾಗಾದರೆ ಬ್ರೌನಿಯದು ಅಂತ ಏನು ಉಳಿಯಿತು ಎಂದು ಕೇಳಬೇಡಿ. ಕೋಕೋ ಪುಡಿ ಉಳಿಯಿತು, ನನ್ನ ಹಟ ಉಳಿಯಿತು. ಮುಕ್ಕಾಲು ಗಂಟೆಯ ಮೇಲೆ ಮುಚ್ಚಳ ತೆಗೆದರೆ ಕರ್ರಗೆ, ಮೇಲೆ ತೆಳ್ಳನೆಯ ಬಿರುಕು, ನಡುವೆ ಮೆತ್ತಗೆ, ಥೇಟ್ ವಿಡಿಯೋದಲ್ಲಿದ್ದಂತೆ! ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಆರಿದ ಮೇಲೆ ಸ್ಕೇಲು ಇಟ್ಟು ಹದಿನಾರು ಚೌಕ ಕತ್ತರಿಸಿ, ಗೆದ್ದವಳ ಹಾಗೆ ತಲೆಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಮನೆಯೆಲ್ಲ ತುಪ್ಪದ ಘಮ. ಒಲೆಯ ಮುಂದೆ ನಮ್ಮ ಅತ್ತೆ. ರೊಟ್ಟಿಯ ಹಂಚಿನ ಮೇಲೆ ನನ್ನ ಬ್ರೌನಿಗಳು! ಅರಿವೆಯಿಂದ ಒತ್ತಿ, ಹೊರಳಿಸಿ, ಮತ್ತೆ ಒತ್ತಿ ಸುಡುತ್ತಿದ್ದಾರೆ.

"ಅತ್ತಿ! ಏನ ಮಾಡಾಕತ್ತೀರಿ?"

"ನಡುವ ಹಸೀದ ಉಳದಿತ್ತವಾ. ಹಂಗ ಕಳಿಸಿದ್ರ ಸುಮಂಗಲಾ ಮತ್ತ ನಗ್ತಾಳ. ನಿನಗ ಯಾರರೆ ನಕ್ರ ನನಗ ಸೇರೂದಿಲ್ಲ."

ಇಂಥವರನ್ನು ಹೇಗೆ ಬೈಯುವುದು? ಒಲೆ ಆರಿಸಿದೆ. ಬ್ರೌನಿಗಳೆಲ್ಲ ಕಲ್ಲಾಗಿದ್ದವು. ಯಜಮಾನರು ಒಂದನ್ನು ಕಚ್ಚಿ ದವಡೆ ಹಿಡಿದುಕೊಂಡು ಕೂತರು. ಅತ್ತೆ ಮಾತ್ರ ಅಂಜಲಿಲ್ಲ. ಎಲ್ಲವನ್ನೂ ಒರಳುಕಲ್ಲಿನಲ್ಲಿ ಹಾಕಿ ಕುಟ್ಟಿ, ಏಲಕ್ಕಿ, ಗಸಗಸೆ, ಒಣಕೊಬ್ಬರಿ ಬೆರೆಸಿದರು. ನಮ್ಮ ಕಡೆ ಗಟ್ಟಿ ಚಪಾತಿ ಕುಟ್ಟಿ ಪುಡಿ ಮಾಡಿ, ಬೆಲ್ಲ ಹಾಕಿ ಮಾದಲಿ ಮಾಡುವುದು ಹೀಗೆಯೇ. ಆದರೆ ನಾನು ಬಿಡುವವಳೇ? ಡಬ್ಬಿಯ ಮುಚ್ಚಳಕ್ಕೆ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ 'ಬ್ರೌನಿ' ಎಂದು ಬರೆದೇ ಕಳಿಸಿದೆ.

ಸೋಮವಾರ ಸಂಜೆ ಫೋನ್ ಬಂತು. "ವಿಜಿ, ಮಾದಲಿ ಭಾರಿ ಆಗೇತಿ! ಹಾಲು ತುಪ್ಪ ಹಾಕ್ಕೊಂಡು ಮನಿ ಮಂದೆಲ್ಲಾ ತಿಂದ್ವಿ. ಅತ್ತಿ ಮಾಡ್ಯಾರ ಹೌದಲ್ಲ?"

"ಮಾದಲಿ ಅಲ್ರೀ ಅಕ್ಕಾರ, ಬ್ರೌನಿ! ಚೀಟಿ ನೋಡ್ರಿ."

ಅತ್ತೆ ಫೋನ್ ಕಸಿದುಕೊಂಡರು. "ನಾ ಬರೇ ಕುಟ್ಟೇನಿ. ಮಾಡಿದಾಕಿ ವಿಜಿ. ಖರೆ ಹೇಳ್ತೇನಿ, ಹಂಚಿಗೆ ಹಾಕೂಕಿಂತ ಮೊದಲ ಇನ್ನೂ ಛಲೋ ಇತ್ತು."

ಹದಿನಾರು ಕತ್ತರಿಸಿದ ಗಣಿತದ ಟೀಚರು ಹಂಚಿನ ಮೇಲೆ ಎಷ್ಟಿವೆ ಎಂದು ಎಣಿಸಿರಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಗೋಡೆ ನೋಡಿದರು.

ಅಕ್ಕನೂ ಪದ್ಧತಿ ಮೀರುವವರಲ್ಲ. ಗುರುವಾರ ಡಬ್ಬಿ ತುಂಬಿಕೊಂಡೇ ಬಂತು. ನನ್ನ ಚೀಟಿ ಹಾಗೇ ಇತ್ತು. ಮುಚ್ಚಳ ತೆಗೆದರೆ ಒಳಗೆ ಬ್ರೌನಿ, ನಡುವೆ ಮೆತ್ತಗೆ, ಒಂದೂ ಹರಿದಿಲ್ಲ. ಎರಡು ತಿಂದೆ. ತಪ್ಪು ಹುಡುಕಲೆಂದು ಮೂರನೆಯದನ್ನೂ ತಿಂದೆ. ಸಿಗಲಿಲ್ಲ.

ಹಾಗಂತ ಸೋತೆ ಎಂದುಕೊಳ್ಳಬೇಡಿ. ಡಬ್ಬಿ ತೊಳೆದು ಬೋರಲು ಹಾಕಿದ್ದೇನೆ, ಕುಕ್ಕರಿಗೆ ಉಪ್ಪು ಹರವಿದ್ದೇನೆ. ಈ ಸಲ ತಲೆಸ್ನಾನ ಮೊದಲೇ ಮುಗಿಸಿದ್ದೇನೆ.